ಮೇಲಿನ ಹಲ್ಲು, ಎಡಗಣ್ಣು

ನಿನ್ನೆ ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ನಳ ಬಂದಿತ್ತು, ಎರಡು ಡ್ರಮ್ಮು, ಆರು ಕೊಡ ತುಂಬಿಸಿದೆ. ಹನ್ನೆರಡು ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ, ನಮ್ಮ ಮನೆಯವರಿಗೆ ಬುತ್ತಿ ಕಟ್ಟಿದೆ. ಒಂದು ಸೀರೆಗೆ ಫಾಲ್ ಹಚ್ಚಿದೆ. ಇನ್ನೊಂದು ಸೀರೆಯ ಸೆರಗಿಗೆ ಅರ್ಧ ಕುಚ್ಚು ಕಟ್ಟಿ, ಉಳಿದದ್ದು ನಾಳೆ ಎಂದು ಎತ್ತಿಟ್ಟೆ. ಒಣಗಿದ ಬಟ್ಟೆ ಮಡಚಿದೆ. ಹತ್ತೂವರೆಯ ಬಸ್ಸಿಗೆ ಸಿಂಧನೂರಿಗೆ ಹೋಗಿ, ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡು, ನಾಲ್ಕು ಗಂಟೆಗೆ ಮಸ್ಕಿಗೆ ವಾಪಸು ಬಂದೆ.

ಹಲ್ಲಿನ ಕೆಲಸವನ್ನು ಬಟ್ಟೆ ಮಡಚಿದ್ದರ ಪಕ್ಕಕ್ಕೆ ಇಟ್ಟು ಬರೆಯುವಷ್ಟು ಅದು ಸಾದಾ ಆಯಿತಲ್ಲ, ಅದೇ ದೊಡ್ಡ ಸಮಾಧಾನ. ಎರಡೂವರೆ ತಿಂಗಳ ಹಿಂದೆ ಇದೇ ಹಲ್ಲಿನ ದೆಸೆಯಿಂದ ನನ್ನ ಎಡಗಣ್ಣು ಹೋಯಿತೆಂದು ಗೋಡೆಗೆ ಒರಗಿ ಕೂತಿದ್ದೆ. ಹಲ್ಲುನೋವಿನ ಬಗ್ಗೆ ಬರೆಯುವಂಥದ್ದೇನಿದೆ ಎಂದು ಕೇಳಬಹುದು. ನನ್ನ ಹಾಗೆ ಕಣ್ಣಿಗೆ ಹೆದರಿ ಹಲ್ಲನ್ನು ಮುಚ್ಚಿಟ್ಟುಕೊಂಡವರು ನಮ್ಮ ಓಣಿಯಲ್ಲೇ ನಾಲ್ಕು ಮಂದಿ ಸಿಕ್ಕರು. ಬೇರೆ ಓಣಿಗಳಲ್ಲೂ ಇರಬೇಕು. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಕೆಲಸ ಕಣ್ಣಿನದು. ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತೇನೆ, ಸೆರಗಿಗೆ ರೇಷ್ಮೆ ದಾರದ ಕುಚ್ಚು ಕಟ್ಟುತ್ತೇನೆ. ನಮ್ಮ ಮನೆಯವರದು ಮೋಟರ್ ರಿವೈಂಡಿಂಗ್ ಅಂಗಡಿ. ಹೊಲದ ಬೋರಿನ ಮೋಟರ್ ಸುಟ್ಟರೆ ಬಿಚ್ಚಿ, ಒಳಗಿನ ತಂತಿ ತೆಗೆದು, ಹೊಸದು ಸುತ್ತಿ ಕೊಡುತ್ತಾರೆ. ಒಬ್ಬಳೇ ಮಗಳು ಸುಮಾ, ಸಿಂಧನೂರಿಗೆ ಕೊಟ್ಟಿದ್ದೇವೆ. ಅವಳ ಮಗಳು ಖುಷಿಗೆ ಆರು ವರ್ಷ.

ಮೊದಲು ಕಂಡದ್ದು ಒಂದು ಕಪ್ಪು ಚುಕ್ಕೆ. ಮೇಲಿನ ಸಾಲಿನಲ್ಲಿ, ಎಡಗಡೆ ಕೋರೆಹಲ್ಲಿನ ಹಿಂದಿನ ಹಲ್ಲಿನ ಮೇಲೆ, ಸಾಸಿವೆಯಷ್ಟು. ನನ್ನ ತವರು ಪಾಮನಕಲ್ಲೂರು. ಬೋರಿನ ನೀರು ಕುಡಿದು ಬೆಳೆದ ನಮ್ಮ ವಾರಿಗೆಯವರೆಲ್ಲರ ಹಲ್ಲಿನ ಮೇಲೂ ಹಳದಿ, ಕಂದು ಗೆರೆಗಳಿವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ನೋವೂ ಇಲ್ಲ. ಹಾಗಾಗಿ ಈ ಚುಕ್ಕೆಯೂ ನೀರಿನದೇ ಎಂದು ತಿಳಿದೆ. ನೀರಿನ ಕಲೆಗೆ ಯಾರು ದವಾಖಾನೆಗೆ ಹೋಗುತ್ತಾರೆ?

ವರ್ಷ ಕಳೆಯುವುದರಲ್ಲಿ ಚುಕ್ಕೆ ತೂತಾಯಿತು. ರೊಟ್ಟಿಯ ಚೂರು, ಶೇಂಗಾದ ಚೂರು ಅದರಲ್ಲಿ ಕೂರತೊಡಗಿದವು. ಕೈಯಲ್ಲಿ ಸದಾ ಸೂಜಿ, ಗುಂಡುಪಿನ್ನು ಇರುವವಳು ನಾನು, ಪಿನ್ನಿನಿಂದಲೇ ಕೆದಕಿ ತೆಗೆಯುತ್ತಿದ್ದೆ. ಕುಚ್ಚು ಕಟ್ಟಲು ಕೂತರೆ ಪಕ್ಕದಲ್ಲಿ ಚಹಾ ಬೇಕು. ಒಂದು ಲೋಟ ಸಿಹಿ ಚಹಾವನ್ನು ಗುಟುಕು ಗುಟುಕಾಗಿ ಒಂದು ತಾಸು ಕುಡಿಯುತ್ತಿದ್ದೆ, ದಿನಕ್ಕೆ ಅಂಥವು ಐದು. ದಾರವನ್ನು ಕತ್ತರಿಯಿಂದ ಕತ್ತರಿಸುವ ಬದಲು ಹಲ್ಲಿನಿಂದ ಕಡಿಯುತ್ತಿದ್ದೆ, ಅದೂ ಎಡಗಡೆಯಿಂದ. ಇವೆಲ್ಲ ತಪ್ಪೆಂದು ಆಗ ಗೊತ್ತಿರಲಿಲ್ಲ. ಕೆಲಸ ಬೇಗ ಆಗುತ್ತಿತ್ತು, ಅಷ್ಟೇ ಗೊತ್ತಿತ್ತು.

ತಣ್ಣೀರು ಕುಡಿದರೆ ಝುಮ್ಮೆನ್ನತೊಡಗಿದಾಗ ಲವಂಗ ಇಟ್ಟೆ. ಆಮೇಲೆ ಉಪ್ಪುನೀರು ಮುಕ್ಕಳಿಸಿದೆ. ಆಮೇಲೆ ಔಷಧದ ಅಂಗಡಿಯ ಬಿಳಿ ಗುಳಿಗೆ. ನೋವು ಹಗಲು ಕೆಲಸದಲ್ಲಿ ಮರೆತು, ಮಲಗಿದ ಕೂಡಲೇ ನೆನಪಾಗುತ್ತಿತ್ತು. "ಹಲ್ಲಿನ ಡಾಕ್ಟರ್ ಕಡೆ ಹೋಗೂಣು ನಡಿ" ಎಂದು ನಮ್ಮ ಮನೆಯವರು ಎಷ್ಟು ಸಲ ಅಂದರೂ ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎನ್ನುವುದಕ್ಕೆ ನಮ್ಮ ಅವ್ವನ ವಿಷಯ ಹೇಳಬೇಕು.

ಅವ್ವನಿಗೂ ಮೇಲಿನ ಎಡಗಡೆಯ ಹಲ್ಲೇ ಕೆಟ್ಟಿತ್ತು. ದವಡೆ ಹಲ್ಲು. ನಾನೇ ಪಾಮನಕಲ್ಲೂರಿಗೆ ಹೋಗಿ, ಬರಲೊಲ್ಲೆ ಎಂದವಳನ್ನು ಹಟ ಮಾಡಿ ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಕೀಳಿಸಿದ್ದೆ. ಕೀಳಿಸಿದ ದಿನ ಅವ್ವ ಆರಾಮ ಇದ್ದಳು, ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಮಾಡಿದಳು. ಐದಾರು ತಿಂಗಳಿಗೆ ಎಡಗಣ್ಣು ಮಂಜಾಯಿತು. ವರ್ಷದೊಳಗೆ ಪೂರ್ತಿ ಹೋಯಿತು. ಊರಿನವರು ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿದ್ದು ಒಂದೇ ಮಾತು: "ಮ್ಯಾಲಿನ ಹಲ್ಲಿಗೂ ಕಣ್ಣಿಗೂ ನರ ಒಂದ ಐತಿ. ಮ್ಯಾಲಿಂದು ಕೀಳಿಸಬಾರದಿತ್ತು." ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಹೋದಾಗ ಮಾತ್ರ "ಈ ಕಡೆ ಬಂದು ಕುಂದರವ್ವ, ಮುಖ ಕಾಣವಲ್ಲದು" ಎಂದು ಬಲಗಡೆಗೆ ಕರೆಯುತ್ತಿದ್ದಳು. ಅವ್ವ ಹೋಗಿ ಈಗ ಒಂಬತ್ತು ವರ್ಷ. ಆ ಒಂಬತ್ತೂ ವರ್ಷ ಅವಳ ಕಣ್ಣು ತೆಗೆದವಳು ನಾನೇ ಎಂದು ತಿಳಿದುಕೊಂಡಿದ್ದೆ. ಹೀಗಿರುವಾಗ ನನ್ನ ಮೇಲಿನ ಹಲ್ಲನ್ನು ಯಾರ ಕೈಗೆ ಕೊಡಲಿ?

ಆಗ ಬಂದವಳು ಪಕ್ಕದ ಮನೆಯ ಖಾಜಾಬಿ. ಅವಳದು ಬಳೆ ಅಂಗಡಿ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ.

"ಶರಣಕ್ಕ, ಅದರಾಗ ಹುಳ ಐತಿ" ಅಂದಳು. "ಹುಳ ಇರಲಾರದ ಇಷ್ಟು ಬ್ಯಾನಿ ಆಗಂಗಿಲ್ಲ."

"ಹುಳ ಇದ್ರ ಕಾಣಬೇಕಲ್ಲಬೇ."

"ಕಾಣಂಗಿದ್ರ ಅದು ಜಾಣ ಹುಳ ಅಲ್ಲ ಬಿಡು. ಗುರುಗುಂಟಾದಾಗ ನಮ್ಮ ಚಿಕ್ಕವ್ವನ ಮನಿ ಹಿಂದ ಒಬ್ಬಾಕಿ ಮುದುಕಿ ಅದಾಳ, ಹೊಗಿ ಕೊಟ್ಟು ಹುಳ ಬೀಳಸ್ತಾಳ. ನಮ್ಮ ಚಿಕ್ಕವ್ವಂದು ಐದು ಬಿದ್ದಾವ. ಹಲ್ಲು ಕೀಳಂಗಿಲ್ಲ, ಸೂಜಿ ಚುಚ್ಚಂಗಿಲ್ಲ. ಚಿಂತಿ ಯಾಕ ಮಾಡ್ತಿ?"

ಹಲ್ಲು ಕೀಳುವುದಿಲ್ಲ ಎಂಬ ಮಾತು ಕೇಳಿದ ಮೇಲೆ ಬೇರೇನೂ ಕೇಳಿಸಲಿಲ್ಲ. ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತಾ ಕೇಳಿದರು:

"ಅಂದ್ರ ನೀ ಲಿಂಗಸುಗೂರಾಗ ಇಳಿದು, ಹಲ್ಲಿನ ದವಾಖಾನಿ ಬೋರ್ಡ್ ನೋಡಿ, ಅಲ್ಲೇ ಇನ್ನೊಂದು ಬಸ್ ಹತ್ತಿ, ಹುಳ ತೆಗಸಾಕ ಗುರುಗುಂಟಾಕ್ಕ ಹೋಗಾಕಿ?"

"ಹೌದ್ರಿ. ಡಾಕ್ಟರ್ ಕೀಳ್ತಾರ. ಕಿತ್ತಮ್ಯಾಲ ಕಣ್ಣು ಹೋದ್ರ ನೀವು ಕೊಡ್ತೀರೇನು?"

ಅವರು ಒರೆಸುವ ಬಟ್ಟೆ ಮೊಳೆಗೆ ಸಿಗಿಸಿ ಕೈ ತೊಳೆಯಲು ಹೋದರು. ಅವ್ವನ ವಿಷಯ ಅವರಿಗೂ ಗೊತ್ತಿತ್ತು.

ಗುರುಗುಂಟಾದ ಆ ಮುದುಕಿ ಸಾಧು ಹೆಂಗಸು, ಅವಳನ್ನು ನಾನು ಇಂದಿಗೂ ಬೈಯುವುದಿಲ್ಲ. ಬೇವಿನ ಗಿಡದ ಕೆಳಗೆ ಕೂರಿಸಿದಳು. ಮುಂದೆ ಒಂದು ತಾಟಿನ ತುಂಬ ನೀರು, ಅದರ ನಡುವೆ ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡು. ಯಾವುದೋ ಗಿಡದ ಸಣ್ಣ ಬೀಜಗಳನ್ನು ಎಣ್ಣೆಯಲ್ಲಿ ಕಲಸಿ ಆ ಕಬ್ಬಿಣದ ಮೇಲೆ ಉದುರಿಸಿದಳು. ಚಟಪಟ ಅಂದು ಹೊಗೆ ಎದ್ದಿತು. ನನ್ನ ತಲೆಯ ಮೇಲೆ ಕಂಬಳಿ ಮುಚ್ಚಿ, "ಬಾಯಿ ತೆಗಿ ಯವ್ವ, ಹೊಗಿ ಹಿಡಿ, ನುಂಗಬ್ಯಾಡ, ಜೊಲ್ಲು ತಾಟಿನ್ಯಾಗ ಬಿಡು" ಅಂದಳು. ಮೂರು ಸಲ ಹೀಗೆ. ಕೆಮ್ಮಿ ಕೆಮ್ಮಿ ಕಂಬಳಿಯಿಂದ ಹೊರಬಂದಾಗ ತಾಟಿನ ನೀರಿನ ಮೇಲೆ ಬಿಳಿಯ ಎಳೆ ಎಳೆಯಂಥವು ತೇಲುತ್ತಿದ್ದವು. ಮುದುಕಿ ಕಡ್ಡಿಯಿಂದ ಒಂದೊಂದನ್ನೇ ಅಂಚಿಗೆ ಸರಿಸಿ ಎಣಿಸಿದಳು. ಏಳು.

"ನಮ್ಮ ಚಿಕ್ಕವ್ವಂದು ಐದ, ನಿಂದು ಏಳು" ಎಂದಳು ಖಾಜಾಬಿ, ನಾನು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವಳ ಹಾಗೆ.

ಮುದುಕಿಗೆ ಎಲೆ ಅಡಿಕೆ, ಒಂದು ಕುಬಸದ ಕಣ ಕೊಟ್ಟು ಬಂದೆವು. ಮೂರೇ ದಿನಕ್ಕೆ ನೋವು ನಿಂತಿತು. ಕಡಿಮೆಯಾದದ್ದಲ್ಲ, ಪೂರಾ ನಿಂತಿತು. ತಣ್ಣೀರು ಕುಡಿದೆ, ಏನೂ ಇಲ್ಲ. ಬಿಸಿ ಚಹಾ ಕುಡಿದೆ, ಏನೂ ಇಲ್ಲ. ನಮ್ಮ ಮನೆಯವರ ಮುಂದೆ ಶೇಂಗಾ ಜಗಿದು ತೋರಿಸಿದೆ. ಓಣಿಯಲ್ಲಿ ಸಿಕ್ಕವರಿಗೆಲ್ಲ ಏಳು ಹುಳದ ಕಥೆ ಹೇಳಿದೆ. ನಮಗೆ ಹಾಲು ಹಾಕುವ ಈರಮ್ಮನಿಗೂ ಹಲ್ಲುನೋವಿತ್ತು. ಅವಳಿಗೆ ಬಸ್ಸಿನ ವೇಳೆ, ಮುದುಕಿಯ ಮನೆಯ ಗುರುತು ಎಲ್ಲ ಹೇಳಿ ಕಳಿಸಿದವಳೂ ನಾನೇ.

ಐದು ವಾರ ಹೀಗೆ ಸುಖವಾಗಿದ್ದೆ. ಒಂದು ಭಾನುವಾರ ಎಡಗೆನ್ನೆ ಭಾರವಾದ ಹಾಗೆ ಅನಿಸಿತು. ಸೋಮವಾರ ಬೆಳಿಗ್ಗೆ ಎದ್ದರೆ ಎಡಗಣ್ಣು ತೆರೆಯಲಿಲ್ಲ. ಪಿಚ್ಚು ಹತ್ತಿರಬೇಕೆಂದು ನೀರು ಹಚ್ಚಿ ತೊಳೆದೆ. ಆದರೂ ತೆರೆಯಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಮೂಗಿನ ಪಕ್ಕದಿಂದ ರೆಪ್ಪೆಯವರೆಗೆ ಕೆನ್ನೆ ಉಬ್ಬಿ ಮಿರಿಮಿರಿ ಮಿಂಚುತ್ತಿತ್ತು. ಕಣ್ಣಿದ್ದ ಜಾಗದಲ್ಲಿ ಬರೀ ಒಂದು ಗೆರೆ.

ಆಗ ಮಾಡಿದ್ದನ್ನು ನೆನೆದರೆ ಈಗ ನನಗೇ ವಿಚಿತ್ರ ಅನಿಸುತ್ತದೆ. ನಾನು ಯಾರನ್ನೂ ಕರೆಯಲಿಲ್ಲ. ಹೋಗಿ ಹೊಲಿಗೆಯ ಡಬ್ಬಿ ತೆಗೆದು, ಒಂದೇ ಕಣ್ಣಿನಿಂದ ಸೂಜಿಗೆ ದಾರ ಪೋಣಿಸಲು ನೋಡಿದೆ. ದಾರ ಸೂಜಿಯ ಪಕ್ಕದಲ್ಲೇ ಹೋಗುತ್ತಿತ್ತು. ಹತ್ತು ಸಲ ನೋಡಿದೆ, ಹತ್ತೂ ಸಲ ಪಕ್ಕಕ್ಕೇ. ಆಗ ಗೋಡೆಗೆ ಒರಗಿ ಕೂತೆ. ಹಲ್ಲು ಕೀಳಿಸಲಿಲ್ಲ, ಡಾಕ್ಟರ್ ಮುಖ ನೋಡಲಿಲ್ಲ, ಆದರೂ ಕಣ್ಣು ಹೋಯಿತು. ಅವ್ವನಿಗೆ ಮಾಡಿದ್ದು ನನಗೆ ಬಂತು ಎಂದುಕೊಂಡೆ.

ನಮ್ಮ ಮನೆಯವರು ಸ್ನಾನ ಮುಗಿಸಿ ಬಂದು ನೋಡಿ, ನನ್ನ ಕೈಯಿಂದ ಸೂಜಿ ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ ಸುಮಾಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಮುಖದ ಮುಂದೆ ಹಿಡಿದರು.

"ಅವ್ವಾ, ಎಷ್ಟು ದಿನ ಆತು ಹಿಂಗಾಗಿ?" ಎಂದು ಅವಳು ಕೇಳಿದಳು.

"ಇವತ್ತ ಮುಂಜಾನಿ."

"ಅಪ್ಪಾ, ಅಂಗಡಿ ಬಾಗಿಲಾ ತೆಗೀಬ್ಯಾಡ್ರಿ. ಹಂಗ ಬಸ್ ಹತ್ರಿ. ನಾ ಇಲ್ಲಿ ಹಲ್ಲಿನ ದವಾಖಾನ್ಯಾಗ ಹೆಸರು ಹಚ್ಚಿ ಕುಂತಿರ್ತೀನಿ."

"ಕಣ್ಣಿನ ದವಾಖಾನಿಗೆ ಹೋಗಬೇಕಲ್ಲೇನು?" ಅಂದೆ.

"ಅವ್ವಾ, ನೀ ಈಗ ಬಾಯಿ ಮುಚ್ಚಿ ಬಸ್ ಹತ್ತು. ಬಾಯಿ ತೆಗಿಯೂದು ಇಲ್ಲಿ ಬಂದಮ್ಯಾಲ ಐತಿ."

ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ನಮ್ಮ ಮನೆಯವರು ನನ್ನ ಎಡಗಡೆ ಕೂತು, ರಸ್ತೆಯ ಗುಂಡಿ ಬಂದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದರು, ನನ್ನ ಕೆನ್ನೆ ಎಲ್ಲಿ ಮುಂದಿನ ಸೀಟಿಗೆ ಬಡಿದೀತೋ ಎಂದು.

ದವಾಖಾನೆಯ ಹೊರಗಿನ ಕೋಣೆಯಲ್ಲಿ ಎರಡು ಬೆಂಚು, ಹನ್ನೊಂದು ಮಂದಿ. ಗೋಡೆಯ ಟಿವಿಯಲ್ಲಿ ದನಿಯಿಲ್ಲದೆ ಯಾರೋ ಅಡುಗೆ ಮಾಡುತ್ತಿದ್ದರು. ನಾನು ಸೆರಗು ಸರಿಸಿದ ಕೂಡಲೇ ಎಲ್ಲರೂ ನನ್ನನ್ನು ನೋಡಿ, ನೋಡಲಿಲ್ಲವೆಂಬಂತೆ ಟಿವಿಯ ಕಡೆ ತಿರುಗಿದರು. ಕೆನ್ನೆಗೆ ಟವೆಲ್ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ನೇರವಾಗಿ ಕೇಳಿದಳು. ಅವಳು ಬಳಗಾನೂರಿನವಳು, ಭತ್ತದ ಗದ್ದೆಗೆ ಕೂಲಿಗೆ ಹೋಗುವವಳೆಂದು ಆಮೇಲೆ ಗೊತ್ತಾಯಿತು.

"ಯವ್ವ, ಕಣ್ಣಿನ ದವಾಖಾನಿ ಆ ಕಡಿ ಓಣ್ಯಾಗ ಐತಿ. ತಪ್ಪಿ ಬಂದಿಯೇನು?"

"ಹಲ್ಲಿಂದ ಆಗೈತವ್ವ ಇದು."

"ಹಲ್ಲಿಂದ ಹಿಂಗೂ ಆಗ್ತೈತಾ?" ಎಂದವಳೇ ತನ್ನ ಟವೆಲ್ ಮುಟ್ಟಿ ನೋಡಿಕೊಂಡಳು. ಆಮೇಲೆ ಹೆಸರು ಬರೆಯುವ ಹುಡುಗಿಗೆ, "ತಂಗಿ, ಈಗ ನನ್ನ ಪಾಳಿ ಅಲ್ಲೇನು? ನನ್ನ ಪಾಳಿ ಈಕಿಗಿ ಕೊಡು, ಈಕಿದು ನನಗ" ಅಂದಳು.

"ಹಂಗೆಲ್ಲ ಬರಂಗಿಲ್ರಿ, ನಂಬರ್ ಪ್ರಕಾರ" ಅಂದಳು ಆ ಹುಡುಗಿ.

"ನಂಬರ್ ಹಂಗ ಇರ್ಲಿ. ಹೆಸರು ಅಳಿಸಿ ಬರಿ. ನಾ ಹನುಮಂತಿ ಅಲ್ಲ, ಈಕಿ ಹನುಮಂತಿ ಅಂತ ತಿಳಕೋ."

ಹೀಗೆ ನಾನು ಹನುಮಂತಿಯಾಗಿ ಒಳಗೆ ಹೋದೆ.

ಡಾಕ್ಟರ್ ವಯಸ್ಸಿನಲ್ಲಿ ಸುಮಾಳಷ್ಟೇ ಇದ್ದ ಹೆಣ್ಣುಮಗಳು, ರಾಯಚೂರು ಕಡೆಯವರು. ಕುರ್ಚಿಯ ಮೇಲೆ ಮಲಗಿಸಿ, ದೀಪ ಹಿಡಿದು, ಎಕ್ಸರೇ ತೆಗೆದು, ಜ್ವರ ನೋಡಿ, ಬೆರಳಿನ ರಕ್ತ ತೆಗೆದು ಸಕ್ಕರೆಯನ್ನೂ ನೋಡಿದರು. ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಗುಡ್ಡೆಯನ್ನು ಆ ಕಡೆ ಈ ಕಡೆ ತಿರುಗಿಸಲು ಹೇಳಿದರು. ತಿರುಗಿತು. ಆ ಸೀಳಿನಲ್ಲಿ ಅವರ ಬಿಳಿ ಕೋಟು ಕಂಡಿತು. ನನ್ನ ಬಾಯಿಂದ ಬಂದ ಮೊದಲ ಮಾತು, "ಕಣ್ಣು ಐತೇನ್ರಿ?"

"ಐತ್ರಿ. ಯಾಕ, ಎಲ್ಲಿ ಹೋಗ್ತೈತಿ?" ಎಂದು ಅವರು ಕೈಗವಸು ಸರಿ ಮಾಡಿಕೊಂಡರು. "ಇಷ್ಟಾಗೂತನಕ ಯಾಕ ಬಂದಿಲ್ಲ?"

ಹೇಳಿದೆ. ಅವ್ವನ ಹಲ್ಲು, ಅವ್ವನ ಕಣ್ಣು, ಗುರುಗುಂಟಾ, ಏಳು ಹುಳ, ಎಲ್ಲ. ಅವರು ನಗಲಿಲ್ಲ, ಬೈಯಲಿಲ್ಲ. ಎಕ್ಸರೇಯ ಲಕೋಟೆ ತಿರುಗಿಸಿ ಅದರ ಹಿಂದೆ ಪೆನ್ನಿನಿಂದ ಒಂದು ಕಣ್ಣು, ಒಂದು ಹಲ್ಲು ಬರೆದರು. ಎರಡರಿಂದಲೂ ಒಂದೊಂದು ಗೆರೆ ಎಳೆದರು. ಗೆರೆಗಳು ಕೂಡಲಿಲ್ಲ.

"ನೋಡ್ರಿ ಶರಣಮ್ಮಾರ, ನೋಟದ ನರ ಇದು, ಹಲ್ಲಿನ ನರ ಇದು. ಇವೆರಡೂ ಬ್ಯಾರೆ ಬ್ಯಾರೆ. ಹಲ್ಲು ಕಿತ್ರ ನೋಟ ಹೋಗಂಗಿಲ್ಲ. ನಿಮ್ಮ ಅವ್ವಗ ಸಕ್ಕರಿ ಬ್ಯಾನಿ ಇತ್ತೇನು?"

"ಇತ್ರಿ. ಗುಳಿಗಿ ಒಂದಿನ ತಗೊಂಡ್ರ ಎರಡು ದಿನ ಬಿಡ್ತಿದ್ಲು."

"ಕಣ್ಣಿನ ಡಾಕ್ಟರ್‌ಗೆ ತೋರ್ಸಿದ್ರಿ?"

"ಇಲ್ರಿ. ಹಲ್ಲಿಂದ ಹೋಗೇತಿ ಅಂದಮ್ಯಾಲ ತೋರ್ಸಿ ಏನ್ ಮಾಡೂದಂತ ಬಿಟ್ಟಿವಿ."

ಹೇಳಿದ ಮೇಲೆ ನನಗೇ ಆ ಮಾತು ಕೇಳಿಸಿತು. ಡಾಕ್ಟರ್ ಪೆನ್ನು ಕೆಳಗಿಟ್ಟು, "ಅವರ ಕಣ್ಣು ನಾ ನೋಡಿಲ್ಲ, ಹಿಂಗ ಅಂತ ಖಾತ್ರಿ ಹೇಳಾಕ ಬರಂಗಿಲ್ಲ. ಸಕ್ಕರಿ ಹಂಗ ಬಿಟ್ರ ಕಣ್ಣಿನ ಹಿಂದಿನ ಪರದೆ ಕೆಡ್ತೈತಿ, ಅದರಿಂದ ಭಾಳ ಮಂದಿ ಕಣ್ಣು ಹೋಗ್ಯಾವ. ಹಲ್ಲು ಕೀಳಿಸಿದ್ದಕ್ಕಂತೂ ಹೋಗಿಲ್ಲ. ನೀವು ಅವರನ್ನ ಕರ್ಕೊಂಡ್ ಹೋಗಿದ್ದು ಸರಿನ ಇತ್ತು" ಅಂದರು.

ನಾನು ಅತ್ತೆ. ಮುಚ್ಚಿದ ಕಣ್ಣಿನಿಂದಲೂ ನೀರು ಬಂತು.

ಹುಳದ ಬಗ್ಗೆ ಅವರು ಹೇಳಿದ್ದನ್ನೂ ಬರೆಯುತ್ತೇನೆ, ಯಾಕೆಂದರೆ ಅದೇ ನನ್ನನ್ನು ದಾರಿ ತಪ್ಪಿಸಿದ್ದು. ತಾಟಿನಲ್ಲಿ ತೇಲಿದ್ದು ಬೀಜ ಸಿಡಿದಾಗ ಹೊರಬೀಳುವ ಒಳಗಿನ ಮೊಳಕೆ. ಮೂರು ದಿನಕ್ಕೆ ನೋವು ನಿಂತದ್ದು ಹಲ್ಲಿನ ಒಳಗಿನ ನರ ಸತ್ತದ್ದಕ್ಕೆ. ನೋವು ಹೇಳುವವನೇ ಸತ್ತ ಮೇಲೆ ಕೀವು ಸದ್ದಿಲ್ಲದೆ ಐದು ವಾರ ಮೇಲಕ್ಕೆ ಏರಿತ್ತು. "ಇನ್ನ ತಡ ಮಾಡಿದ್ರ ಅದು ಕಣ್ಣಿನ ಹಿಂದಕ್ಕ ಹೋಗ್ತಿತ್ತು. ಆಗ ನೀವು ಹೆದರಿದ್ದು ಖರೇ ಆಗ್ತಿತ್ತು" ಎಂದರು. ಕಣ್ಣು ಉಳಿಯಲಿ ಎಂದು ಹಲ್ಲು ತೋರಿಸದೆ ಕೂತು, ಕಣ್ಣನ್ನೇ ಕಳೆದುಕೊಳ್ಳುವವಳಿದ್ದೆ ನಾನು.

ಅವತ್ತು ಹಲ್ಲಿನ ಮೇಲ್ಭಾಗ ಕೊರೆದು ಕೀವಿಗೆ ದಾರಿ ಮಾಡಿದರು. ವಾಸನೆಗೆ ನನಗೇ ನಾಚಿಕೆಯಾಯಿತು. ಡಾಕ್ಟರ್ ಮಾತ್ರ "ಬರ್ಲಿ, ಬರ್ಲಿ, ಹೊರಗ ಬರೂದ ಚಲೋ" ಎನ್ನುತ್ತಾ ಒರೆಸುತ್ತಿದ್ದರು. ಗುಳಿಗೆ ಬರೆದು, ಸುಮಾಳನ್ನು ಕರೆದು ಹೇಳಿದರು: ಊತ ಹೆಚ್ಚಾದರೆ, ಜ್ವರ ಏರಿದರೆ, ಒಂದು ವಸ್ತು ಎರಡಾಗಿ ಕಂಡರೆ ಒಂದು ಗಳಿಗೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ದಿನಾ ಬಂದು ತೋರಿಸಬೇಕು.

ಸುಮಾಳ ಮನೆಯಲ್ಲೇ ಉಳಿದೆ. ನಮ್ಮ ಮನೆಯವರು ಮಸ್ಕಿಗೆ ಹೋಗಿ, ತಾಸಿಗೊಮ್ಮೆ ಫೋನ್ ಮಾಡುತ್ತಿದ್ದರು. ಹೇಗಿದ್ದಿ, ಉಂಡೆಯಾ ಎಂದು ಕೇಳಲಿಲ್ಲ. "ಎಷ್ಟು ತೆರದೈತಿ?" ಎಂದಷ್ಟೇ ಕೇಳುತ್ತಿದ್ದರು. ಮಂಗಳವಾರ ಮೊದಲಿನಷ್ಟೇ ಇತ್ತು. ಎಡಗಡೆ ಏನಾದರೂ ಎರಡಾಗಿ ಕಾಣುತ್ತದೋ ಎಂದು ಬೆರಳಿನಿಂದ ರೆಪ್ಪೆ ಎತ್ತಿ ಎತ್ತಿ ನೋಡಿದೆ. ಒಂದೇ ಕಾಣುತ್ತಿತ್ತು. ಗಂಜಿ ಕುಡಿದು ಮಲಗಿದೆ. ಬುಧವಾರ ಬೆಳಿಗ್ಗೆ ಏಳುವ ಮೊದಲೇ ಖುಷಿ ನನ್ನ ಮುಖದ ಮೇಲೆ ಬಗ್ಗಿ ಕೂತಿದ್ದಳು.

"ಅಜ್ಜಿ, ಕಣ್ಣು ಸೀಳು ಬಿಟ್ಟೈತಿ. ಎಷ್ಟು ಬೆರಳು ಹೇಳು."

"ಮೂರು."

"ಮೋಸ. ಆ ಕಣ್ಣಿಲೇ ನೋಡಿದಿ." ತನ್ನ ಸಣ್ಣ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿದಳು. "ಈಗ?"

"ಎರಡು."

"ಈಗ?"

"ಒಂದೂ ಇಲ್ಲ, ಮುಟ್ಟಿಗಿ ಐತಿ."

"ಅವ್ವಾ, ಅಜ್ಜಿ ಪಾಸ್" ಎಂದು ಅಡುಗೆಮನೆಗೆ ಓಡಿದಳು. ಮತ್ತೆ ಬಂದು ಮತ್ತೆ ಕೇಳಿದಳು. ಇಪ್ಪತ್ತು ಸಲ ಕೇಳಿರಬೇಕು. ನನಗೆ ಒಂದು ಸಲವೂ ಬೇಸರವಾಗಲಿಲ್ಲ. ಇನ್ನೂ ಕೇಳಲಿ ಅನಿಸುತ್ತಿತ್ತು.

ಅವಳು ಅಷ್ಟು ಹತ್ತಿರ ಕೂತು ನಕ್ಕಿದ್ದರಿಂದಲೇ, ಆ ಎಡಗಣ್ಣಿನಿಂದಲೇ, ಅವಳ ಕೆಳಗಿನ ಹಿಂದಿನ ಹಲ್ಲಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡೆ. ಸಾಸಿವೆಯಷ್ಟು. ಸುಮಾ, "ಹಾಲಿನ ಹಲ್ಲವ್ವ, ಹೆಂಗೂ ಬೀಳ್ತಾವ" ಅಂದಳು. ನಾನು ಬಿಡಲಿಲ್ಲ. ಅವತ್ತೇ ನನ್ನ ಜೊತೆ ಅವಳನ್ನೂ ಕುರ್ಚಿಯ ಮೇಲೆ ಕೂರಿಸಿದೆವು. ಹಾಲಿನ ಹಲ್ಲಿಗೂ ತುಂಬಿಸಬೇಕಂತೆ. ಇಲ್ಲದಿದ್ದರೆ ಮಕ್ಕಳು ನೋವಿಗೆ ಊಟ ಬಿಡುತ್ತಾರೆ, ಕೆಳಗೆ ಬರುವ ಹಲ್ಲಿನ ಜಾಗವೂ ಕೆಡುತ್ತದೆ. ಹತ್ತು ನಿಮಿಷದ ಕೆಲಸ. ಬಾಯಿಯ ಹಿಂಭಾಗದಲ್ಲಿ ಹೊಸದಾಗಿ ಬಂದ, ಜೀವಮಾನವಿಡೀ ಉಳಿಯುವ ದವಡೆ ಹಲ್ಲುಗಳಲ್ಲಿ ಅನ್ನ ಸಿಗದ ಹಾಗೆ ಅವುಗಳ ಗೆರೆಗಳಿಗೆ ಒಂದು ತೆಳು ಲೇಪವನ್ನೂ ಹಚ್ಚಿದರು. ಖುಷಿ ಆ ಕುರ್ಚಿ ಮೇಲಕ್ಕೂ ಕೆಳಕ್ಕೂ ಹೋಗುವುದನ್ನೇ ಆಟ ಮಾಡಿಕೊಂಡು, ಇಳಿಯುವಾಗ, "ಅಜ್ಜಿ, ಈಗ ನೀ ಕುಂದ್ರು, ಅಳಬ್ಯಾಡ" ಅಂದಳು. ಮಲಗುವಾಗ ಸಕ್ಕರೆ ಹಾಕಿದ ಹಾಲು ಕುಡಿದು ಹಾಗೇ ನಿದ್ದೆ ಹೋಗುವುದನ್ನು ಅವಳಿಗೆ ಅವತ್ತಿನಿಂದ ಬಿಡಿಸಿದ್ದಾರೆ. ಹಾಲು ಮೊದಲು, ಬ್ರಷ್ ಆಮೇಲೆ.

ಊತ ಪೂರ್ತಿ ಇಳಿದ ಮೇಲೆ ನನ್ನ ಹಲ್ಲಿನ ರೂಟ್ ಕೆನಾಲ್ ಶುರುವಾಯಿತು. ಕೀಳದೆ ಉಳಿಸಬಹುದು ಎಂದರು. ಮೂರು ಸಲ ಹೋದೆ. ಸೂಜಿ ಕೊಟ್ಟಾಗ ಇರುವೆ ಕಚ್ಚಿದ ಹಾಗೆ, ಆಮೇಲೆ ಕೆನ್ನೆ ನನ್ನದಲ್ಲ ಎನ್ನುವ ಹಾಗೆ. ನನಗೆ ಕಷ್ಟವಾದದ್ದು ಅಷ್ಟು ಹೊತ್ತು ಬಾಯಿ ತೆರೆದು ಮಾತಾಡದೆ ಇರುವುದು ಮಾತ್ರ. ಎರಡನೆಯ ಸಲ ನಮ್ಮ ಮನೆಯವರೂ ಬಂದಿದ್ದರು. ಡಾಕ್ಟರ್ ತೆಳು ತಂತಿಯಂಥ ಸಾಮಾನಿನಿಂದ ಹಲ್ಲಿನ ಒಳಗೆ ಕೆರೆದು ತೆಗೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದರು.

"ಮೇಡಂ, ಇದು ನಮ್ಮ ಕೆಲಸನ ಐತಲ್ರಿ" ಅಂದರು. "ಸುಟ್ಟ ತಂತಿ ಹೊರಗ ತೆಗಿಯೂದು, ಒಳಗ ಸ್ವಚ್ಛ ಮಾಡೂದು, ಹೊಸದು ತುಂಬಿ ಮುಚ್ಚೂದು. ಗ್ಯಾರಂಟಿ ಎಷ್ಟು ವರ್ಷ ಕೊಡ್ತೀರಿ?"

"ನೀವು ಮೋಟರ್‌ಗೆ ಎಷ್ಟು ಕೊಡ್ತೀರಿ?"

"ನೀರಿಲ್ದ ಓಡಿಸಿದ್ರ ಗ್ಯಾರಂಟಿ ಇಲ್ರಿ."

"ನಮ್ದೂ ಹಂಗರಿ. ಎರಡು ಹೊತ್ತು ತಿಕ್ಕದಿದ್ರ ಇಲ್ಲ."

ನಗಬೇಕೆಂದರೆ ನನ್ನ ಬಾಯಲ್ಲಿ ಅರಳೆ ಇತ್ತು.

ಮಸ್ಕಿಗೆ ಬಂದ ಮೇಲೆ ಒಂದು ಕೆಲಸ ಉಳಿದಿತ್ತು. ಹಾಲಿನ ಈರಮ್ಮನಿಗೆ ಹೇಳುವುದು. ಅವಳಿಗೆ ಗುರುಗುಂಟಾದಲ್ಲಿ ನಾಲ್ಕು ಹುಳ ಬಿದ್ದಿದ್ದವು.

"ಈರಮ್ಮ, ಆ ಹುಳ ಸುಳ್ಳು. ನನ್ನ ಸಂಗಾಟ ಸಿಂಧನೂರಿಗೆ ಬಾ" ಅಂದೆ.

"ಏಳು ಬಿದ್ದಾವಂತ ಓಣಿ ತುಂಬಾ ಹೇಳಿದಾಕಿ ನೀನ ಅಲ್ಲೇನು?"

"ಹೌದು, ನಾನ. ಈಗ ಇದನ್ನೂ ನಾನ ಹೇಳಾಕತ್ತೀನಿ."

ಅವಳು ನನ್ನ ಕೆನ್ನೆಯನ್ನು ನೋಡಿದಳು, ಹಾಲು ಅಳೆದು ಕೊಟ್ಟಳು, ಹೋದಳು. ಮರುದಿನ ತಾನಾಗಿಯೇ "ಎಷ್ಟರ ಬಸ್ಸಿಗೆ?" ಎಂದು ಕೇಳಿದಳು. ಅವಳ ತೂತು ಇನ್ನೂ ಮೇಲುಮೇಲೆ ಇತ್ತು, ನರದವರೆಗೆ ಹೋಗಿರಲಿಲ್ಲ. ಒಂದೇ ಸಲಕ್ಕೆ ತುಂಬಿ ಕಳಿಸಿದರು. ಕುರ್ಚಿಯಿಂದ ಇಳಿದವಳು, "ಇಷ್ಟೇನಾ?" ಅಂದಳು, ಏನೋ ಮೋಸವಾದವಳ ಹಾಗೆ. ಖಾಜಾಬಿ ಮಾತ್ರ ಸೋಲಲಿಲ್ಲ. "ಹುಳ ಇಲ್ಲಂತ ನಾ ಒಪ್ಪಂಗಿಲ್ಲ ನೋಡು. ಆದ್ರ ಡಾಕ್ಟರ್ ಕಡೆ ಬರ್ತೀನಿ" ಎಂದಳು. ಬಂದಳು ಕೂಡ. ಅವಳದು ಎರಡು ಹಲ್ಲು ತುಂಬಿಸಿದ್ದಾರೆ.

ನನ್ನ ಮನೆಯ ರೂಢಿಯಲ್ಲಿ ಬದಲಾದದ್ದು ಹೆಚ್ಚೇನಿಲ್ಲ. ಚಹಾ ಈಗ ಎರಡೇ ಸಲ, ಕೂತು ಒಂದೇ ಸಲಕ್ಕೆ ಕುಡಿದು ಮುಗಿಸಿ ಬಾಯಿ ಮುಕ್ಕಳಿಸುತ್ತೇನೆ. ದಾರ ಕತ್ತರಿಸಲು ಸಣ್ಣ ಕತ್ತರಿಯನ್ನು ಕೊರಳಿಗೆ ಲಾಡಿ ಕಟ್ಟಿ ಹಾಕಿಕೊಂಡಿದ್ದೇನೆ. ಪಿನ್ನು ಬಾಯಿಗೆ ಹೋಗುವುದಿಲ್ಲ. ರಾತ್ರಿ ಉಂಡ ಮೇಲೆ ಬ್ರಷ್ ಮಾಡುವುದು ಮೊದಲ ವಾರ ನಗೆಪಾಟಲು ಅನಿಸಿತು, ಈಗ ಮಾಡದಿದ್ದರೆ ಬಾಯಿ ತೊಳೆಯದ ಪಾತ್ರೆಯ ಹಾಗೆ ಅನಿಸುತ್ತದೆ. ಸಕ್ಕರೆ ವರ್ಷಕ್ಕೊಮ್ಮೆ ನೋಡಿಸಬೇಕು, ಕಣ್ಣನ್ನೂ ತೋರಿಸಬೇಕು ಎಂದಿದ್ದಾರೆ. ಕಣ್ಣು ತೋರಿಸಿದೆ. ಓದುವ ಚಷ್ಮಾದ ನಂಬರ್ ಸ್ವಲ್ಪ ಏರಿದೆ, ಅದು ವಯಸ್ಸಿನದು. ಬೇರೇನಿಲ್ಲ ಎಂದು ಬರೆದುಕೊಟ್ಟಿದ್ದಾರೆ.

ನಿನ್ನೆ ಕ್ಯಾಪ್ ಕೂರಿಸುವಾಗ ಡಾಕ್ಟರ್ ಮೂರು ಸಲ ತೆಗೆದು ಮೂರು ಸಲ ಹಾಕಿ, ನೀಲಿ ಕಾಗದ ಕಚ್ಚಿಸಿ, ಎತ್ತರವಾದದ್ದನ್ನು ಉಜ್ಜಿ ಸರಿಮಾಡಿದರು. ಕನ್ನಡಿ ಕೊಟ್ಟರು. ಪಕ್ಕದ ಹಲ್ಲುಗಳಿಗಿಂತ ಅದೊಂದೇ ಬೆಳ್ಳಗಿದೆ, ಪಾಮನಕಲ್ಲೂರಿನ ನೀರು ಕುಡಿಯದ ಹಲ್ಲು. "ಇವತ್ತೊಂದಿನ ಆ ಕಡೆ ಗಟ್ಟಿ ಪದಾರ್ಥ ಬ್ಯಾಡ್ರಿ. ನಾಳೆಯಿಂದ ನಿಮ್ಮ ರೊಟ್ಟಿ ನಿಮಗ" ಅಂದರು.

ಹಾಗಾಗಿ ರಾತ್ರಿ ನನಗೆ ಮೆತ್ತಗೆ ಬೇಯಿಸಿದ ಅನ್ನ, ಬ್ಯಾಳಿ ಸಾರು, ಮೊಸರು. ನಮ್ಮ ಮನೆಯವರಿಗೆ ಬೆಳಗಿನ ರೊಟ್ಟಿ ಎರಡು, ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಎಂಟೂವರೆಗೆ ಊಟ ಮುಗಿಯಿತು. ಕಣ್ಣು ಮುಚ್ಚಿದ ಆ ಸೋಮವಾರದಿಂದ, ನಾನು ಮನೆಯಲ್ಲಿದ್ದ ದಿನವೆಲ್ಲ, ಅವರು ಮಲಗುವ ಮೊದಲು "ಇತ್ತ ತಿರುಗು" ಎಂದು ನನ್ನ ಗದ್ದ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ, ಎರಡೂ ಕೆನ್ನೆ ಸಮ ಇವೆಯೋ ಎಂದು ನೋಡಿ, ನನಗೆ ನಿದ್ದೆ ಹತ್ತಿದ ಮೇಲೆಯೇ ತಾವು ಮಲಗುತ್ತಿದ್ದರು. ನಿನ್ನೆ ನಾನು ಪಾತ್ರೆ ತೊಳೆದು, ಬ್ರಷ್ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು, ದೀಪದ ಕೆಳಗೆ ನಿಂತೆ. ಅವರು ಆಗಲೇ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದರು.